ಮೈನಸ್ ಐದು ವೋಲ್ಟಿನ ಬೇಟೆ

"ಬೇಡ! ಚುಚ್ಚಬೇಡ!"

ನನ್ನ ಕಿರುಚಾಟಕ್ಕೆ ಹೆಂಡತಿಯ ಕೈ ಅಲ್ಲೇ ನಿಂತಿತು. ಕೈಯಲ್ಲಿ ವೈಫೈ ರೌಟರಿನ ಅಡಾಪ್ಟರು. ಅದರ ಮೂತಿಗೂ ಸ್ಪೆಕ್ಟ್ರಮ್ಮಿನ ಬೆನ್ನಿನ ತೂತಿಗೂ ಒಂದೇ ಇಂಚು ಅಂತರ. ಅದೂ 9 ವೋಲ್ಟು, ಇದೂ 9 ವೋಲ್ಟು, ಪಿನ್ನು ಸಲೀಸಾಗಿ ಕೂತುಬಿಡುತ್ತದೆ. ಆದರೆ ರೌಟರಿನದು ನಡುವೆ ಪಾಸಿಟಿವ್, ಸ್ಪೆಕ್ಟ್ರಮ್ಮಿಗೆ ಬೇಕಾದದ್ದು ನಡುವೆ ನೆಗೆಟಿವ್. ಆ ಒಂದು ಇಂಚು ದಾಟಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ.

"ಸಹಾಯ ಮಾಡೋಕೆ ಬಂದ್ರೆ ಹೀಗೆ ಬೊಬ್ಬೆ ಹೊಡೀತೀರಲ್ಲ" ಎಂದು ಅವಳು ಅಡುಗೆಮನೆಗೆ ಹೋದಳು. ಹೊರಗೆ ಬಸವನಗುಡಿಯ ಮೇಲೆ ಮಳೆ ಜಡಿಯುತ್ತಿತ್ತು. ರಾತ್ರಿ ಹನ್ನೊಂದು. ಮೇಜಿನ ಆಚೆ ಬದಿಗೆ ಶಾಲು ಹೊದ್ದು ಕೂತಿದ್ದ ದೊಡ್ಡಪ್ಪ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅದು ಅವರ ಯಂತ್ರ. ಗ್ಲಾಸ್ಗೋದಲ್ಲಿ ಓದುವಾಗ ಊಟ ಬಿಟ್ಟು ಕೊಂಡ ಕಂಪ್ಯೂಟರು, ಝಡ್‌ಎಕ್ಸ್ ಸ್ಪೆಕ್ಟ್ರಮ್ 48ಕೆ. 1982ರ ಏಪ್ರಿಲ್‌ನಲ್ಲಿ ಹೊರಬಂದಾಗ ಅದರ ಬೆಲೆ 175 ಪೌಂಡು. ಸ್ಕಾಟ್ಲೆಂಡಿನ ಡಂಡೀ ಊರಿನ ಟೈಮೆಕ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ರಬ್ಬರ್ ಕೀಲಿಗಳ ಆ ಪುಟ್ಟ ಕರಿ ಪೆಟ್ಟಿಗೆ ನಮ್ಮ ಅಟ್ಟದಲ್ಲಿ ಮೂವತ್ತು ವರ್ಷ ಮಲಗಿತ್ತು.

ಅದರದೇ ಹಳೇ ಅಡಾಪ್ಟರು ಚುಚ್ಚಿದೆವು. ಟಿವಿಯಲ್ಲಿ ಏನೂ ಇಲ್ಲ. ಬರೀ ನೀಲಿ ಪರದೆ.

ಕೆಳಗಿನ ಐದು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದೆ. ಎತ್ತುವಾಗ ಎಲ್ಲೋ ಸಣ್ಣಗೆ 'ಚಟ್' ಎಂದಿತು. ಆಗ ಅದಕ್ಕೆ ಕಿವಿಗೊಡುವಷ್ಟು ತಾಳ್ಮೆ ನನಗಿರಲಿಲ್ಲ. ಮೊದಲ ಗುಮಾನಿ ಟಿವಿಯ ಮೇಲೇ. ಈ ಯಂತ್ರ ಚಿತ್ರವನ್ನು ಕಳಿಸುವುದು ಯುಎಚ್‌ಎಫ್ 36ನೇ ಚಾನೆಲ್ಲಿನಲ್ಲಿ, ಹಳೇ ಆಂಟೆನಾ ತೂತಿಗೆ. ನಮ್ಮ ಹೊಸ ಟಿವಿಗೆ ಆ ಭಾಷೆ ಮರೆತೇಹೋಗಿದೆ. ತಗಡಿನ ಡಬ್ಬಿಯಂತಿರುವ ಮಾಡ್ಯುಲೇಟರನ್ನು ಬದಿಗೊತ್ತಿ, ವಿಡಿಯೊ ಸಂಕೇತವನ್ನು ನೇರವಾಗಿ ಟಿವಿಯ ಹಳದಿ ತೂತಿಗೆ ತಂದೆ. ಮತ್ತೆ ಕರೆಂಟು.

ಬಂತು! ಆದರೆ ಬಂದದ್ದು ಚಿತ್ರವಲ್ಲ. ಉದ್ದುದ್ದ ಕಪ್ಪು ಬಿಳುಪು ಪಟ್ಟೆ. ಕಂಬಿ ಹಿಂದಿನ ಕೈದಿಯ ಹಾಗೆ.

ಮೀಟರಿನ ಮೊನೆ ಹಿಡಿದು ಹೊರಟೆ. 5 ವೋಲ್ಟು: ಇದೆ. ಮೈನಸ್ 5 ವೋಲ್ಟು: ಸೊನ್ನೆ.

ಎದೆ ಧಸಕ್ಕೆಂದಿತು. ತಕ್ಷಣ ವಯರು ಕಿತ್ತೆ. ಈ ಯಂತ್ರಕ್ಕೆ ಸ್ವಿಚ್ಚೇ ಇಲ್ಲ, ಕೀಳುವುದೇ ಆಫ್. ಯಾಕೆ ಇಷ್ಟು ಗಾಬರಿ ಎಂದರೆ, ಒಳಗಿನ ಮೊದಲ 16ಕೆ ನೆನಪು ಕೂತಿರುವುದು 4116 ಎಂಬ ಎಂಟು ಚಿಪ್ಪುಗಳಲ್ಲಿ. ಪರದೆಯ ಚಿತ್ರವೂ ಅಲ್ಲೇ. ಅವಕ್ಕೆ 5, 12, ಮೈನಸ್ 5 ಮೂರೂ ಬೇಕು. ಮೈನಸ್ 5 ಎಲ್ಲಕ್ಕಿಂತ ಮೊದಲು ಬರಬೇಕು, ಎಲ್ಲಕ್ಕಿಂತ ಕೊನೆಗೆ ಹೋಗಬೇಕು. ಅದಿಲ್ಲದೆ 12 ಹರಿದರೆ ಚಿಪ್ಪು ಒಳಗೊಳಗೇ ಬೇಯುತ್ತದೆ. ಅಂದರೆ ರೋಗ ಪತ್ತೆಮಾಡಲು ಕರೆಂಟು ಕೊಡಬೇಕು, ಕೊಟ್ಟ ಪ್ರತಿ ಕ್ಷಣ ರೋಗಿಯ ಆಯಸ್ಸು ತಿನ್ನುತ್ತದೆ.

"ಏನಾಯ್ತೋ ಮಗಾ?"

"ಏನಿಲ್ಲ ದೊಡ್ಡಪ್ಪ, ನೀವು ಹಾಲು ಕುಡೀರಿ."

ಅಡಾಪ್ಟರು ಕೊಡುವ 9 ವೋಲ್ಟಿನಿಂದ 12ನ್ನೂ ಮೈನಸ್ 5ನ್ನೂ ಹುಟ್ಟಿಸುವುದು ಒಂದು ಸುರುಳಿ ಮತ್ತು ಟಿಆರ್4 ಎಂಬ ಕಾಳಿನಷ್ಟು ಟ್ರಾನ್ಸಿಸ್ಟರು. ಈ ಯಂತ್ರದಲ್ಲಿ ಸಾಯುವುದರಲ್ಲಿ ಅದರದೇ ಮೊದಲ ಸಾಲು. ಪರೀಕ್ಷಿಸಿದೆ: ಸತ್ತಿತ್ತು. ಮುಂಜಾಗ್ರತೆಗೆ ಅದರ ಬದಲಿಗೆ ಝಡ್‌ಟಿಎಕ್ಸ್ 650 ಟ್ರಾನ್ಸಿಸ್ಟರು ಎರಡು ತರಿಸಿಟ್ಟಿದ್ದೆ. ಒಂದನ್ನು ಬೆಸೆದೆ. ನಡುವೆ ಕರೆಂಟು ಹೋಯಿತು, ದೊಡ್ಡಪ್ಪನ ಮೊಬೈಲು ಬೆಳಕಿನಲ್ಲಿ ಕಾದೆವು, ಬಂತು. ವಯರು ಚುಚ್ಚಿದೆ.

ಒಂದು. ಎರಡು. ಹೊಗೆ!

ಕೀಳುವ ಧಾವಂತದಲ್ಲಿ ಇನ್ನೊಂದು ಕೈ ಚಿಪ್ಪುಗಳ ಸಾಲಿನ ಮೇಲೆ ಬಿತ್ತು. ಚುರ್! ಬೆರಳ ತುದಿ ಬೊಬ್ಬೆ ಎದ್ದಿತು. ನೋವಿಗೆ ಮೊದಲು ಬಂದದ್ದು ಖುಷಿ. ಎಂಟರಲ್ಲಿ ಏಳು ತಣ್ಣಗಿದ್ದವು. ಮೂರನೆಯದು, ಐಸಿ8, ಕಾದ ಕಾವಲಿಯಾಗಿತ್ತು. ಟ್ರಾನ್ಸಿಸ್ಟರು ತಾನಾಗಿ ಸತ್ತಿರಲಿಲ್ಲ. ಒಳಗೆ ಶಾರ್ಟ್ ಆಗಿದ್ದ ಈ ಚಿಪ್ಪು ಅದರ ರಕ್ತ ಹೀರಿತ್ತು. ಕೊಲೆಗಾರ ಮನೆಯೊಳಗೇ ಇದ್ದಾಗ ನಾನು ಬಾಗಿಲ ಚಿಲಕ ಬದಲಿಸಿದ್ದೆ.

ಐಸಿ8ರ ಹದಿನಾರು ಕಾಲೂ ಕತ್ತರಿಸಿದೆ. 12 ವೋಲ್ಟಿನ ದಾರಿಗೂ ನೆಲಕ್ಕೂ ನಡುವೆ ಮೀಟರು ಹಿಡಿದರೆ ಶಾರ್ಟ್ ಮಾಯ. ಉಳಿದ ಟ್ರಾನ್ಸಿಸ್ಟರು ಒಂದೇ ಒಂದು.

ಬೆಳಿಗ್ಗೆ ಬದಲಿ ಚಿಪ್ಪು ಹುಡುಕಿಕೊಂಡು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡು. ಕೇಳಿದ ಮೊದಲ ಮೂರು ಅಂಗಡಿಯವರು ನಕ್ಕರು. ನಾಲ್ಕನೆಯವರು, "4116 ಆ? ನಮ್ಮಪ್ಪ ಇದ್ದಿದ್ರೆ ಕೊಡೋರು ಸಾರ್" ಎನ್ನುತ್ತಲೇ ಗುಜರಿ ಮೂಟೆ ತೋರಿಸಿದರು. ಕೈಹಾಕಿ ಕೆದಕಿದೆ. ಮೊಣಕೈವರೆಗೆ ಧೂಳು. ಕೊನೆಗೆ ಸಿಕ್ಕಿತು ಆಪಲ್ ಟೂನ ನಕಲಿನ ಒಂದು ಬೋರ್ಡು: ಸಾಲಿಗೆ ಎಂಟರಂತೆ ಮೂರು ಸಾಲು 4116, ಎಲ್ಲವೂ ಸಾಕೆಟ್ಟಿನಲ್ಲಿ! ಇನ್ನೂರು ರೂಪಾಯಿ ಎಂದರು. ಚೌಕಾಸಿ ಮಾಡಲಿಲ್ಲ, ಜೀವಮಾನದಲ್ಲಿ ಮೊದಲ ಸಲ.

ಸಂಜೆ ಮತ್ತೆ ಮೇಜು. ಐಸಿ8ರ ಜಾಗಕ್ಕೆ ಸಾಕೆಟ್ಟು ಬೆಸೆದು ಖಾಲಿ ಬಿಟ್ಟೆ. ಕಡೆಯ ಟ್ರಾನ್ಸಿಸ್ಟರು ಕೂರಿಸಿದೆ. ಕೈ ನಡುಗುತ್ತಿತ್ತು. ಮೀಟರಿನ ಮೊನೆ ಮೈನಸ್ 5ರ ಮೇಲೆ ಮೊದಲೇ ಇಟ್ಟುಕೊಂಡು, "ದೊಡ್ಡಪ್ಪ, ಮೂರು ಎಣಿಸಿ, ಕಿತ್ತುಬಿಡಿ" ಎಂದೆ.

"ಒಂದು…" ಮೀಟರು ಮಿನುಗಿತು. "ಎರಡು…" ಮೈನಸ್ 5! "ಮೂರು!" ಕಿತ್ತರು. ಹೊಗೆಯಿಲ್ಲ, ಬಿಸಿಯಿಲ್ಲ.

ಗುಜರಿಯ ಚಿಪ್ಪನ್ನು ಸಾಕೆಟ್ಟಿಗೆ ಒತ್ತಿದೆ. ವಯರು ಚುಚ್ಚಿದೆ. ಪರದೆ ಕಪ್ಪಾಯಿತು. ಒಂದು ಕ್ಷಣ. ಸ್ಪೆಕ್ಟ್ರಮ್ಮು ತನ್ನ ನೆನಪನ್ನೆಲ್ಲ ತಾನೇ ತಡಕಿ ನೋಡುವುದು ಆಗಲೇ. ಇನ್ನೊಂದು ಕ್ಷಣ. ಆಮೇಲೆ ಇಡೀ ಪರದೆ ಬೆಳ್ಳಗೆ, ಅಡಿಯಲ್ಲಿ ಒಂದೇ ಸಾಲು: ಹಕ್ಕುಸ್ವಾಮ್ಯದ ಗುರುತು, 1982, ಸಿಂಕ್ಲೇರ್ ರಿಸರ್ಚ್.

ದೊಡ್ಡಪ್ಪ ಮಾತಾಡಲಿಲ್ಲ. ಕನ್ನಡಕ ಒರೆಸಿಕೊಂಡು, ಶಾಲಿನೊಳಗಿಂದ ಕೈ ಚಾಚಿ, ರಬ್ಬರಿನ ಒಂದು ಕೀಲಿ ಒತ್ತಿದರು. ಮತ್ತೆ ಒತ್ತಿದರು. ಪರದೆ ಅಲುಗಲಿಲ್ಲ.

ಆಗ ನೆನಪಾಯಿತು ಮೊದಲ ರಾತ್ರಿಯ 'ಚಟ್'. ಕೀಲಿಮಣೆಯಿಂದ ಬೋರ್ಡಿಗೆ ಇಳಿಯುವ ಎರಡು ಪ್ಲಾಸ್ಟಿಕ್ ಪಟ್ಟಿಗಳಲ್ಲಿ ಎಂಟು ಗೆರೆಯದು ಒಣ ಹಪ್ಪಳದಂತೆ ಮುರಿದಿತ್ತು. ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ, ಕೀಲಿಗಳ ಕೆಳಗಿನ ಹಾಳೆಯನ್ನೇ ಬದಲಿಸಬೇಕು. ಹೊಸ ಹಾಳೆಗೆ ದುಡ್ಡು ಕಟ್ಟಿದ್ದೇನೆ. ಅದು ಬರುವವರೆಗೆ ದೊಡ್ಡಪ್ಪ ದಿನಾ ಸಂಜೆ ಯಂತ್ರ ಹಚ್ಚಿ, ಆ ಒಂದು ಸಾಲು ಓದಿ, ವಯರು ಕೀಳುತ್ತಾರೆ.