ದೂರ ಹೆಚ್ಚು, ಹೊತ್ತು ಕಡಿಮೆ

• ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000 ಕಿ.ಮೀ. ಗೋಡೆಯ ನಕ್ಷೆ ನೋಡಿದರೆ ಇರುವುದು ಎರಡೇ ದಾರಿ: ಪೂರ್ವಕ್ಕೆ ಹೊರಟು ಪೆಸಿಫಿಕ್ ದಾಟುವುದು, ಇಲ್ಲವೇ ಪಶ್ಚಿಮಕ್ಕೆ ಹೊರಟು ಅಟ್ಲಾಂಟಿಕ್ ದಾಟುವುದು. ಭೂಗೋಳದ ಮೇಲೆ ದಾರ ಬಿಗಿಹಿಡಿದು ನೋಡಿದೆ. ಅದು ನೇಪಾಳ, ಟಿಬೆಟ್, ಮಂಗೋಲಿಯಾ ದಾಟಿ, ಸೈಬೀರಿಯಾದ ಉತ್ತರದಂಚು ಮುಟ್ಟಿ, ಅಲಾಸ್ಕಾದ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯಿತು. ಅತಿ ಹತ್ತಿರದ ದಾರಿ ಇದೇ!

• ಆದರೆ ವಿಮಾನಗಳು ಟಿಬೆಟ್ಟನ್ನು ಆದಷ್ಟೂ ಬಳಸಿಕೊಂಡೇ ಹೋಗುತ್ತವೆ. ಏಕೆ? ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಬೇಗನೆ 10,000 ಅಡಿಯ ಹತ್ತಿರಕ್ಕೆ ಇಳಿಸಬೇಕು. ಪ್ರಯಾಣಿಕರ ಮುಖವಾಡಕ್ಕೆ ಆಮ್ಲಜನಕ ಬರುವುದು ಕೆಲವೇ ನಿಮಿಷ. ಟಿಬೆಟ್ಟಿನ ನೆಲವೇ ಸರಾಸರಿ 14,000 ಅಡಿಗಿಂತ ಎತ್ತರದಲ್ಲಿದೆ. ಇನ್ನು ಇಳಿಯುವುದೆಲ್ಲಿಗೆ?

• 2021ರ ಜನವರಿ 9, ಶನಿವಾರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವ, ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ಉತ್ತರ ಧ್ರುವದ ಮೇಲಿಂದ ಹಾದು, ಸುಮಾರು 17 ಗಂಟೆ ಹಾರಿ, ಬೆಂಗಳೂರಿನಲ್ಲಿ ಇಳಿದಾಗ ಸೋಮವಾರ ಬೆಳಗಿನ ಜಾವ. ಭಾನುವಾರ ಪೂರ್ತಿ ದಾರಿಯಲ್ಲೇ ಸಂದುಹೋಗಿತ್ತು.

• ತಿರುಗಿ ಹೋಗುವಾಗ ಲೆಕ್ಕ ತಲೆಕೆಳಗು. ಚಳಿಗಾಲದಲ್ಲಿ ಎರಡು ಊರಿನ ಗಡಿಯಾರಗಳಿಗೆ ಹದಿಮೂರೂವರೆ ಗಂಟೆ ವ್ಯತ್ಯಾಸ. ಮಗಳ ಬಾಣಂತನಕ್ಕೆಂದು ತಾಯಿ ಇಲ್ಲಿ ಮಧ್ಯಾಹ್ನ ಎರಡಕ್ಕೆ ವಿಮಾನ ಹತ್ತಿ 16 ಗಂಟೆ ಹಾರಿದರೆ, ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆ. ಗಡಿಯಾರದ ಪ್ರಕಾರ ಎರಡೂವರೆ ಗಂಟೆಯ ಪ್ರಯಾಣ. ಊದಿಕೊಂಡ ಪಾದಗಳಿಗೆ ನಿಜ ಗೊತ್ತು.

• ನನ್ನನ್ನು ಬಹಳ ಕಾಡಿದ್ದು ದೆಹಲಿಯ ಸಂಗತಿ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಡಿಸಿ ಪೆಸಿಫಿಕ್ ಕಡೆಗೆ ತಿರುಗಿಸಿತು. ದಾರಿ ಸುಮಾರು 1,400 ಕಿ.ಮೀ. ಉದ್ದವಾಗಿ 15,300 ಕಿ.ಮೀ. ಆಯಿತು. ಹಾಗಿದ್ದೂ ಹದಿನಾಲ್ಕೂವರೆ ಗಂಟೆಯಲ್ಲಿ, ಅಂದರೆ ಮೊದಲಿಗಿಂತ ಬೇಗ, ತಲುಪಿತು.

• ಬೆನ್ನಿಗೆ ಬೀಸುವ ಗಾಳಿಯೇ ಕಾರಣ. ಲೆಕ್ಕ ಹಾಕಿದೆ: ವಿಮಾನದ ವೇಗ ಗಂಟೆಗೆ 900 ಕಿ.ಮೀ., ಗಾಳಿಯದು 100 ಎಂದಿಟ್ಟುಕೊಂಡರೆ, 14,000 ಕಿ.ಮೀ.ಗೆ ಗಾಳಿ ಹಿಂದಿದ್ದರೆ 14 ಗಂಟೆ, ಎದುರಿದ್ದರೆ ಹದಿನೇಳೂವರೆ. ಅಷ್ಟೆತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಇನ್ನೂ ಬಿರುಸು.

• "ಭೂಮಿ ತಿರುಗುತ್ತದಲ್ಲ, ಅದರ ಲಾಭ" ಎನ್ನುವವರಿದ್ದಾರೆ. ಸಮಭಾಜಕದ ಬಳಿ ನೆಲ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತದೆ. ಆ ಓಟ ನೇರವಾಗಿ ತಟ್ಟುವಂತಿದ್ದರೆ ಪೂರ್ವಕ್ಕೆ ಹೊರಟ ವಿಮಾನಕ್ಕೆ ತನ್ನ ಊರನ್ನೇ ಹಿಂದಿಕ್ಕಲಾಗುತ್ತಿರಲಿಲ್ಲ. ನೆಲದೊಂದಿಗೆ ಗಾಳಿಯೂ ವಿಮಾನವೂ ತಿರುಗುತ್ತಿರುವುದರಿಂದ ಆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಸಮಭಾಜಕದಿಂದ ಧ್ರುವದ ಕಡೆಗೆ ಹೊರಟ ಬಿಸಿಗಾಳಿಯನ್ನು ಪೂರ್ವಕ್ಕೆ ಬಾಗಿಸಿ ಜೆಟ್ ಸ್ಟ್ರೀಮ್ ಹುಟ್ಟಿಸುವುದು ಇದೇ ತಿರುಗಾಟ. ಹಾಗಾಗಿ ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ.

• ಇನ್ನು ಮುಂದೆ ಯಾರಾದರೂ ಅಮೆರಿಕ ಎಷ್ಟು ದೂರ ಎಂದರೆ ಮೊದಲು ನಾನೇ ಕೇಳುತ್ತೇನೆ: ಹೋಗುವುದಕ್ಕೋ, ಬರುವುದಕ್ಕೋ? ಯಾವ ತಿಂಗಳು?