ವಿಂಡರ್‌ಮಿಯರ್‌ನ ಎರಡು ಬಗೆಯ ಗಲ್ಲಾ

ಇಂಗ್ಲೆಂಡಿನ ಸರೋವರ ಸೀಮೆಯ ವಿಂಡರ್‌ಮಿಯರ್‌ಗೆ ರೈಲು ಬಂದದ್ದು 1847ರಲ್ಲಿ. ಕವಿ ವರ್ಡ್ಸ್‌ವರ್ತ್ ಇದನ್ನು ವಿರೋಧಿಸಿದ್ದರು. ಆ ಹಳೆಯ ನಿಲ್ದಾಣದ ಕಟ್ಟಡಕ್ಕೆ ಮುಂದೆ ಬೂತ್ಸ್ ಎಂಬ ದಿನಸಿ ಅಂಗಡಿ ಬಂತು.

ಗಿರಾಕಿಗಳೇ ಬಿಲ್ ಮಾಡಿಕೊಳ್ಳುವ ಯಂತ್ರಗಳನ್ನು ತನ್ನ 28 ಅಂಗಡಿಗಳ ಪೈಕಿ 26ರಿಂದ ತೆಗೆಯುವುದಾಗಿ ಬೂತ್ಸ್ 2023ರಲ್ಲಿ ಸಾರಿತು. ಯಂತ್ರ ನಿಧಾನ, ನೆಚ್ಚುವಂತಿಲ್ಲ, ನಗುಮುಖವಿಲ್ಲ ಎಂಬುದು ಗಿರಾಕಿಗಳ ದೂರು. ಬಿಡಿ ಸೇಬು ಕೊಂಡರೆ ಅದರ ತಳಿಯನ್ನೂ ಅವರೇ ಗುರುತಿಸಬೇಕಿತ್ತು! ಪ್ರವಾಸಿಗರ ನೂಕುನುಗ್ಗಲಿನ ಕೆಸ್ವಿಕ್, ವಿಂಡರ್‌ಮಿಯರ್‌ಗಳಲ್ಲಿ ಮಾತ್ರ ಯಂತ್ರ ಉಳಿಯಿತು.

ಹಾಗಾದರೆ ಗಲ್ಲಾ ಹೇಗಿರಬೇಕು? ಪರದೆ ಎರಡೂ ಕಡೆ ತಿರುಗುವಂತಿದ್ದರೆ ಒಂದೇ ಮೇಜು ಸಾಕು: ಅವಸರದವರು ತಾವೇ ಬಿಲ್ ಮಾಡಿಕೊಳ್ಳಲಿ, ಉಳಿದವರಿಗೆ ಕ್ಯಾಷಿಯರ್ ಇರಲಿ. ವಿನ್ಯಾಸ ಕಲಿಯಹೊರಟ ಮಕ್ಕಳು ಮೊದಲು ಅಜ್ಜಿಯ ಜೊತೆ ಅಂಗಡಿಗೆ ಹೋಗಿಬರಲಿ.