ಬೆಂಗಳೂರಿನಲ್ಲಿ ಕಂಡ ಕೋಪದ ಪಾಠಶಾಲೆ

ಬೆಂಗಳೂರಿಗೆ ನಾನು ಹಲವು ಸಲ ಹೋಗಿದ್ದೇನೆ. ಸಾಹಿತ್ಯ ಗೋಷ್ಠಿಗೆಂದು, ಓಲೆಗರಿಗಳ ಪರಿಶೀಲನೆಗೆಂದು, ಬಂಧುಗಳ ಮದುವೆಗೆಂದು. ಕಳೆದ ಜ್ಯೇಷ್ಠ ಮಾಸದಲ್ಲಿ ಕೈಕೊಂಡ ಪ್ರಯಾಣವು ಇವಾವುದರ ಸಲುವಾಗಿಯೂ ಅಲ್ಲ. ನನ್ನ ದಿವಂಗತ ತಮ್ಮನ ಮಗನು ಆ ನಗರದಲ್ಲಿ ನೌಕರಿಯಲ್ಲಿದ್ದಾನೆ. ವಿದ್ಯಾವಂತ, ದುಶ್ಚಟವಿಲ್ಲದವನು, ಸಂಬಳವನ್ನು ಮನೆಗೇ ತರುವವನು. ಆದರೆ ಸಿಟ್ಟು ಬಂದರೆ ಅವನು ಅವನಾಗಿ ಉಳಿಯುವುದಿಲ್ಲ. ಒಂದು ರಾತ್ರಿ ಊಟದ ತಟ್ಟೆಯನ್ನು ಗೋಡೆಗೆ ಎಸೆದನಂತೆ. ಐದು ವರ್ಷದ ಮಗಳು ಮಂಚದ ಕೆಳಗೆ ಸೇರಿಕೊಂಡವಳು ಎರಡು ತಾಸು ಹೊರಗೆ ಬರಲಿಲ್ಲವಂತೆ. ಸೊಸೆ ದೂರವಾಣಿಯಲ್ಲಿ ಹೇಳಿದ್ದು ಇಷ್ಟೆ: "ಮಾವಾರ, ಅವರು ಸಿಟ್ಟಿನ ಸಲುವಾಗಿ ಒಂದು ಗುಂಪಿಗೆ ಹೋಗಾಕತ್ತಾರ್ರಿ. ಮನಿಯವರೂ ಬರಬೇಕು ಅಂದಾರ. ನೀವು ಬಂದು ಕುಂತ್ರ ಛಲೋ ಆಕ್ಕೈತಿ." ಕೋಪಕ್ಕೆ ಗುಂಪು ಎಂಥದೆಂದು ಕೇಳಬೇಕೆನಿಸಿತು, ಕೇಳಲಿಲ್ಲ. ಹಿರಿಯನಿಂದ ನಾಲ್ಕು ಬುದ್ಧಿಮಾತು ಹೇಳಿಸಲು ಕರೆಯುತ್ತಿದ್ದಾರೆಂದು ತಿಳಿದು, ಚೀಲದಲ್ಲಿ ಎರಡು ಗ್ರಂಥಗಳನ್ನಿಟ್ಟುಕೊಂಡು, ಧಾರವಾಡದಲ್ಲಿ ರಾತ್ರಿ ರಾಣಿ ಚೆನ್ನಮ್ಮ ರೈಲನ್ನು ಹತ್ತಿದೆ.

ಕೋಪದ ವಿಷಯದಲ್ಲಿ ನಾನೇನೂ ಅಜ್ಞನಲ್ಲವೆಂಬ ಭಾವ ನನಗಿತ್ತು. ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವನು ನಾನು. ಅಮರಕೋಶವು ಕೋಪಕ್ಕೆ ಏಳು ಹೆಸರುಗಳನ್ನು ಕೊಡುತ್ತದೆಂಬುದು ಹತ್ತನೆಯ ವಯಸ್ಸಿಗೇ ಬಾಯಿಗೆ ಬಂದಿತ್ತು. ರೌದ್ರರಸಕ್ಕೆ ಕ್ರೋಧವೇ ಸ್ಥಾಯಿಭಾವವೆಂದು ಮುಂದೆ ಎಷ್ಟೋ ವರ್ಷ ಪಾಠ ಹೇಳಿದೆ. ಅರಿಷಡ್ವರ್ಗಗಳ ಮೇಲೆ ನಾನು ಮಾಡಿದ ಉಪನ್ಯಾಸಗಳಿಗೆ ಲೆಕ್ಕವಿಲ್ಲ. ಇಷ್ಟೆಲ್ಲ ಸಾಮಗ್ರಿಯೊಡನೆ ನಾನು ಬೆಂಗಳೂರಿನಲ್ಲಿ ಇಳಿದದ್ದು.

ಮರುದಿನವೇ ಮಗನು ನಿಮ್ಹಾನ್ಸ್ ಆಸ್ಪತ್ರೆಗೆ ಹೋಗುವುದಿತ್ತು; ನಾನೂ ಜೊತೆಯಾದೆ. ಹೊಸೂರು ರಸ್ತೆಯ ಗದ್ದಲವನ್ನು ದಾಟಿ ಒಳಗೆ ಕಾಲಿಟ್ಟರೆ ದೊಡ್ಡ ಮರಗಳು, ಹಳೆಯ ಕಲ್ಲುಕಟ್ಟಡ, ಮರದ ಬುಡದಲ್ಲಿ ಬುತ್ತಿ ಬಿಚ್ಚಿ ಕುಳಿತ ಕುಟುಂಬಗಳು. ಈ ಸಂಸ್ಥೆಯ ಬೇರು ಹತ್ತೊಂಬತ್ತನೆಯ ಶತಮಾನದ ಹುಚ್ಚಾಸ್ಪತ್ರೆಯಲ್ಲಿದೆ. ಆ ಹೆಸರನ್ನು ಕೈಬಿಟ್ಟು ಮಾನಸಿಕ ಆಸ್ಪತ್ರೆಯೆಂದು ಕರೆಯುವ ವಿವೇಕವನ್ನು ಮೈಸೂರು ಸರಕಾರವು 1925ರಲ್ಲಿಯೇ ತೋರಿತು. 1954ರಲ್ಲಿ ಅದರ ಮಗ್ಗುಲಿಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂದಿತು. 1974ರಲ್ಲಿ ಎರಡೂ ಕೂಡಿ ಇಂದಿನ ಸಂಸ್ಥೆಯಾಯಿತು. 2012ರಲ್ಲಿ ಅದಕ್ಕೆ ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂಬ ಸ್ಥಾನ ದೊರೆಯಿತು. ಆದರೆ ನನ್ನ ಗಮನವನ್ನು ಸೆಳೆದದ್ದು ಆ ಕುಟುಂಬಗಳು. ರೋಗಿಯನ್ನು ಒಪ್ಪಿಸಿ ಮನೆಗೆ ಹೋಗುವುದಲ್ಲ, ಮನೆಯವರೂ ಜೊತೆಗಿರುವುದು. ಈ ಪದ್ಧತಿಗೆ ನಮ್ಮ ದೇಶದಲ್ಲಿ ದಾರಿ ಹಾಕಿದವರು ಅಮೃತಸರದ ಡಾ. ವಿದ್ಯಾಸಾಗರ್. ಅಲ್ಲಿಯ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಅವರು 1950ರ ದಶಕದಲ್ಲಿ ಆವರಣದೊಳಗೆ ಡೇರೆಗಳನ್ನು ಹಾಕಿಸಿ, ರೋಗಿಗಳ ಬಂಧುಗಳನ್ನು ಅಲ್ಲಿಯೇ ಇರಿಸಿಕೊಂಡರು. ಅವರೆಲ್ಲರನ್ನೂ ಒಟ್ಟಿಗೆ ಕೂರಿಸಿಕೊಂಡು ಮಾತನಾಡಿದರು. ಬೇನೆ ಒಬ್ಬನದು, ಅದರ ತಾಪ ಮನೆಯದು ಎಂಬುದನ್ನು ಆ ವೈದ್ಯರು ಬಲ್ಲವರಾಗಿದ್ದರು.

ಸರದಿಗಾಗಿ ಕಾಯುವ ವೇಳೆಯಲ್ಲಿ ಅಲ್ಲಿಯ ಮಿದುಳಿನ ವಸ್ತುಸಂಗ್ರಹಾಲಯವನ್ನೂ ನೋಡಿಬಂದೆ. ಗಾಜಿನ ಭರಣಿಗಳಲ್ಲಿ ಸಾಲಾಗಿ ಇರಿಸಿದ ಮಿದುಳುಗಳು. ಹೆಚ್ಚು ಕಡಿಮೆ ಒಂದೂಕಾಲು ಕಿಲೋ ತೂಗುವ ಈ ಮಾಂಸಪಿಂಡದಲ್ಲಿ ಕೋಪದ ಠಾವು ಎಲ್ಲಿ ಎಂಬ ನನ್ನ ಪ್ರಶ್ನೆಗೆ, ಹಾಗೆ ಒಂದೇ ಠಾವಿಲ್ಲವೆಂದೂ, ಭಯ ಮತ್ತು ಅಪಾಯಗಳನ್ನು ಮೊದಲು ಗುರುತಿಸುವ ಅಮಿಗ್ಡಲಾ ಎಂಬ ಪುಟ್ಟ ಭಾಗಕ್ಕೂ ಕೋಪಕ್ಕೂ ನಂಟುಂಟೆಂದೂ ತಿಳಿಯಿತು. ಅದು ಗ್ರೀಕ್ ಮೂಲದ ಮಾತು. ಬಾದಾಮಿ ಎಂದರ್ಥ, ಆಕಾರವೂ ಹಾಗೆಯೇ. ನಮಗೆ ಬಾದಾಮಿ ಎಂದರೆ ಚಾಲುಕ್ಯರ ರಾಜಧಾನಿ, ವಾತಾಪಿ! ರಾಕ್ಷಸನ ಹೆಸರಿನ ಊರು. ಒಬ್ಬನೇ ನಕ್ಕೆ.

ಕೋಪವು ತಾನಾಗಿ ರೋಗವಲ್ಲವೆಂದು ವೈದ್ಯರು ತಿಳಿಸಿ ಹೇಳಿದರು. ಆದರೆ ಖಿನ್ನತೆ, ಕುಡಿತ, ನಿದ್ರಾಹೀನತೆ, ಹಿಂದೆ ಆದ ಆಘಾತ ಇವು ಅದರ ಬೆನ್ನಿಗೆ ಇರಬಹುದಾದ್ದರಿಂದ ಮೊದಲು ಪರೀಕ್ಷೆ ಆಗಬೇಕು. ಅದಾದ ಮೇಲೆಯೇ ಮಗನನ್ನು ಗುಂಪಿಗೆ ಕಳುಹಿದ್ದು. ಜಯನಗರದ ಒಂದು ಅಡ್ಡರಸ್ತೆಯ ಮನೆಯ ಮಹಡಿಯಲ್ಲಿ ಇಬ್ಬರು ಆಪ್ತಸಮಾಲೋಚಕರು ಇದನ್ನು ನಡೆಸುತ್ತಾರೆ. ಹನ್ನೆರಡು ಶನಿವಾರಗಳು, ದಿನಕ್ಕೆ ಒಂದೂವರೆ ತಾಸು, ಒಂಬತ್ತು ಜನ. ಅವುಗಳಲ್ಲಿ ಮೂರು ಕೂಟಗಳಿಗೆ ಮನೆಯವರೂ ಬರಬೇಕು.

ಅಶೋಕ ಸ್ತಂಭದಿಂದ ನಡೆದೇ ಹೋದೆವು. ಮುಂಗಾರಿನ ಜಿಟಿಜಿಟಿ, ಹೊಂಗೆಯ ನೆರಳು, ಮೂಲೆಯಲ್ಲೊಬ್ಬ ಹೂವಾಡಿಗ. ಮಹಡಿಯ ಕೋಣೆಯಲ್ಲಿ ಮೇಜು ಇಲ್ಲ, ವೇದಿಕೆ ಇಲ್ಲ, ಬರಿಯ ಕುರ್ಚಿಗಳು, ದುಂಡಗೆ. ಎಲ್ಲಿ ಹೋದರೂ ನಡುವಿನ ಕುರ್ಚಿಯನ್ನು ತೋರಿಸಿಕೊಂಡು ಅಭ್ಯಾಸವಾದ ನನಗೆ ಎಲ್ಲಿ ಕೂರಬೇಕೆಂಬುದೇ ತಿಳಿಯಲಿಲ್ಲ. ದುಂಡಗಿನ ಸಾಲಿಗೆ ನಡುವೆಂಬುದು ಎಲ್ಲಿಯದು?

ಇದನ್ನು ಕಲ್ಯಾಣದ ಅನುಭವ ಮಂಟಪಕ್ಕೆ ಹೋಲಿಸುವ ಆಸೆ ನನಗೂ ಆಯಿತು. ಆದರೆ ಹೋಲಿಕೆ ಪೂರ್ತಿ ಸಲ್ಲದು. ಅಲ್ಲಿ ಕೂಡಿದವರು ಅರಿವನ್ನು ಅರಸಿ ಬಂದವರು. ಇಲ್ಲಿಯವರು ನೊಂದವರು, ನೋಯಿಸಿದವರು. ಇದರ ವಂಶಾವಳಿಯೂ ಬೇರೆ. ಅಮೆರಿಕೆಯ ಬೋಸ್ಟನ್ ನಗರದಲ್ಲಿ 1905ರಲ್ಲಿ ಜೋಸೆಫ್ ಪ್ರಾಟ್ ಎಂಬ ವೈದ್ಯನು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಸೇರಿಸಿ ಪಥ್ಯದ ಪಾಠ ಹೇಳತೊಡಗಿದನು. ಪ್ರತಿಯೊಬ್ಬರೂ ದಿನಚರಿ ಬರೆದು ತರಬೇಕಿತ್ತು. ಪಾಠದಷ್ಟೇ, ಒಬ್ಬರ ಮುಖವನ್ನೊಬ್ಬರು ಕಂಡದ್ದೂ ಅವರಿಗೆ ಬಲ ಕೊಟ್ಟಿತೆಂಬುದು ಅವನ ಅನುಭವಕ್ಕೆ ಬಂದಿತು. ಬುಕಾರೆಸ್ಟಿನಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಕೆಲಸ ಮಾಡಿ ಅಮೆರಿಕೆಗೆ ಹೋದ ಜೇಕಬ್ ಮೊರೆನೊ 1932ರಲ್ಲಿ ಇದಕ್ಕೆ ಸಮೂಹ ಮನಶ್ಚಿಕಿತ್ಸೆ ಎಂಬ ಹೆಸರನ್ನು ಬಳಕೆಗೆ ತಂದನು. ಮಾತಿನಲ್ಲಿ ಹೇಳಲಾಗದ್ದನ್ನು ಆಡಿ ತೋರಿಸುವ, ಒಬ್ಬರ ಪಾತ್ರವನ್ನು ಇನ್ನೊಬ್ಬರು ವಹಿಸುವ ಮನೋನಾಟಕವೂ ಆತನದೇ. ಕೋಪಕ್ಕೆಂದೇ ಒಂದು ಕ್ರಮವನ್ನು 1975ರಲ್ಲಿ ರೂಪಿಸಿದವನು ರೇಮಂಡ್ ನೊವಾಕೊ.

ಕೋಣೆಯ ಗೋಡೆಗೆ ನಿಯಮಗಳನ್ನು ಬರೆದು ಹಚ್ಚಿದ್ದರು. ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಮಾತು 'ನಾನು' ಎಂದು ಆರಂಭವಾಗಬೇಕು, 'ನೀನು' ಎಂದಲ್ಲ. ಮೊದಲನೆಯ ನಿಯಮಕ್ಕೆ ಬದ್ಧನಾಗಿ ಅಲ್ಲಿಯ ಉಳಿದವರ ಒಂದು ಮಾತನ್ನೂ ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯ ಸಂಗತಿಯನ್ನು ಮಗನೂ ಸೊಸೆಯೂ ಓದಿ ಒಪ್ಪಿದ ಬಳಿಕವೇ ಬರೆಯುತ್ತಿದ್ದೇನೆ. ಎರಡನೆಯ ನಿಯಮವು ತೋರಿಕೆಗೆ ವ್ಯಾಕರಣದ್ದು. ಪಾಲಿಸಹೋದರೆ ತಿಳಿಯುತ್ತದೆ ಅದರ ಕಷ್ಟ. ವಾಚಕರು ಮನೆಯಲ್ಲಿ ಒಂದು ದಿನ ಪ್ರಯತ್ನಿಸಿ ನೋಡಬೇಕು.

ಗುಂಪಿನವರೆಲ್ಲ ಕೋಪದ ದಿನಚರಿಯನ್ನು ಬರೆಯುತ್ತಾರೆ. ಏನಾಯಿತು, ಆಗ ಮನಸ್ಸಿನಲ್ಲಿ ಬಂದ ವಿಚಾರವೇನು, ಮೈಯಲ್ಲಿ ಏನಾಯಿತು, ಏನು ಮಾಡಿದೆ, ಸೊನ್ನೆಯಿಂದ ಹತ್ತರವರೆಗೆ ಎಷ್ಟು ಅಂಕ. ಅಂಕ ಐದಕ್ಕೆ ಏರಿದಾಗಲೇ ಎದ್ದು ಹೊರಗೆ ಹೋಗಬೇಕು. ಆದರೆ ಎಷ್ಟು ಹೊತ್ತಿಗೆ ಮರಳುವೆನೆಂಬುದನ್ನು ಹೇಳಿ ಹೋಗಬೇಕು, ಹೇಳಿದಂತೆ ಮರಳಬೇಕು. ಹೇಳದೆ ಹೋಗುವುದು ಇನ್ನೊಂದು ಬಗೆಯ ಹೊಡೆತವಂತೆ. ಮನೆಯಲ್ಲಿ ವಾರಗಟ್ಟಲೆ ಮಾತು ಬಿಡುವ ಗಂಡಸರನ್ನು ನಾನು ಕಂಡಿದ್ದೇನೆ. ಅವರನ್ನು ಶಾಂತಸ್ವಭಾವದವರೆಂದು ಊರು ಹೊಗಳುವುದನ್ನೂ ಕೇಳಿದ್ದೇನೆ.

ಕೋಪವನ್ನು ಹೊರಗೆ ಹಾಕಿಬಿಟ್ಟರೆ ಹಗುರಾಗುತ್ತದೆ, ದಿಂಬಿಗಾದರೂ ಗುದ್ದಬೇಕು ಎಂಬ ನಂಬಿಕೆ ಎಲ್ಲೆಲ್ಲಿಯೂ ಇದೆ. ಅದು ಸರಿಯಲ್ಲವೆಂದು ತಿಳಿದು ಆಶ್ಚರ್ಯವಾಯಿತು. ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 154 ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಮೈಯ ಉದ್ರೇಕವನ್ನು ತಗ್ಗಿಸುವ ದೀರ್ಘಶ್ವಾಸ, ಧ್ಯಾನ, ವಿಶ್ರಾಂತಿಗಳು ಕೋಪವನ್ನು ಕಡಿಮೆ ಮಾಡುತ್ತವೆ. ಉದ್ರೇಕವನ್ನು ಏರಿಸುವ ಕ್ರಿಯೆಗಳಿಂದ ಒಟ್ಟಿನಲ್ಲಿ ಅಂಥ ಫಲವಿಲ್ಲ.

ಮೊದಲನೆಯ ಕೂಟದಲ್ಲಿ ಸಮಾಲೋಚಕಿ, ನನ್ನ ಮೊಮ್ಮಗಳ ಪ್ರಾಯಕ್ಕಿಂತ ಸ್ವಲ್ಪವೇ ಹಿರಿಯಳಿರಬೇಕು, ನನ್ನನ್ನು ಕೇಳಿದಳು: "ಅಜ್ಜಾರೆ, ಸಿಟ್ಟು ಬರುವಾಗ ನಿಮ್ಮ ಮೈಯಲ್ಲಿ ಮೊದಲು ಎಲ್ಲಿ ತಿಳಿಯುತ್ತದೆ?" ಏಳು ಹೆಸರು ಬಲ್ಲವನಿಗೆ ಉತ್ತರ ಹೊಳೆಯಲಿಲ್ಲ. ನನಗೆ ಈಗ ಸಿಟ್ಟು ಬರುವುದಿಲ್ಲವೆಂದೆ. ಕೋಣೆಯಲ್ಲಿ ಯಾರೂ ನಗಲಿಲ್ಲ. ಸೊಸೆ ಮಾತ್ರ ತಲೆ ತಗ್ಗಿಸಿದಳು.

ಎರಡನೆಯ ಕೂಟದ ಹೊತ್ತಿಗೆ ಮಗನು ತನ್ನ ಬಾಲ್ಯದ ಬಗ್ಗೆ ಗುಂಪಿನಲ್ಲಿ ಮಾತನಾಡಿದ್ದನೆಂದು ಕಾಣುತ್ತದೆ. ಸಮಾಲೋಚಕಿ ನಮ್ಮಿಬ್ಬರನ್ನೂ ಕೇಳಿ, ಒಪ್ಪಿಗೆ ಪಡೆದು, ಕುರ್ಚಿ ಬದಲಿಸಲು ಹೇಳಿದಳು. ಅವನು ದೊಡ್ಡಪ್ಪನಾಗಬೇಕು, ನಾನು ಒಂಬತ್ತು ವರ್ಷದ ಹುಡುಗ. ನಾಟಕವೆಂದುಕೊಂಡೇ ಎದ್ದೆ. ಅವನು ನನ್ನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತನು. ಬಾಯಿ ಬಿಡುವ ಮೊದಲು ಹಿಮ್ಮಡಿಯಿಂದ ನೆಲವನ್ನು ತಟ್ಟಿದನು. ಟಕ್, ಟಕ್, ಟಕ್. ಅದು ನನ್ನ ಹಾವುಗೆಯ ಸಪ್ಪಳ. ಇಂದಿಗೂ ಮನೆಯಲ್ಲಿ ಕಟ್ಟಿಗೆಯ ಹಾವುಗೆಯನ್ನೇ ಮೆಟ್ಟುವವನು ನಾನು. ಅನಂತರ ನನ್ನದೇ ದನಿಯಲ್ಲಿ ಹೇಳಿದನು: "ಗಂಡಸ ಮಗ ಅಳಬಾರದು. ಒಳಗ ನಡಿ, ಪಾಠ ಒಪ್ಪಿಸು."

1996ರಲ್ಲಿ ನನ್ನ ತಮ್ಮನು ಮೂವತ್ತಮೂರರ ಪ್ರಾಯದಲ್ಲಿ ತೀರಿಕೊಂಡನು. ಅವನನ್ನು ಮಣ್ಣು ಮಾಡಿದ ನಾಲ್ಕನೆಯ ದಿನ ನಾನು ಪಾಠಶಾಲೆಗೆ ಹೋದೆ; ಮನೆಗೆ ಬಂದು ಅವನ ಮಗನಿಗೂ ಪಾಠ ಹಚ್ಚಿದೆ. ಹುಡುಗನು ಬಿಕ್ಕುತ್ತಿದ್ದನು. ಬೆತ್ತ ತೆಗೆದೆ. ಆ ದಿನ ಮಾತ್ರವಲ್ಲ. ನನಗೆ ಕಲಿಸಿದ ಒಬ್ಬ ಗುರುಗಳೂ ಹಾಗೆಯೇ ಕಲಿಸಿದ್ದರು. ಅದು ಶಿಸ್ತು ಎಂದೇ ನಾನು ತಿಳಿದಿದ್ದೆ.

ಸಮಾಲೋಚಕಿ ನನ್ನ ಕಡೆ ತಿರುಗಿ, "ನೀವು ಒಂಬತ್ತು ವರ್ಷದವರು. ಏನು ಹೇಳುತ್ತೀರಿ?" ಎಂದಳು. ಸಾವಿರ ಜನರ ಮುಂದೆ ಕಾಗದವಿಲ್ಲದೆ ಮಾತನಾಡಿದವನಿಗೆ ಒಂದು ಅಕ್ಷರ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಬಂದದ್ದು ಎರಡೇ ಮಾತು: "ಅಪ್ಪ ಎಲ್ಲಿ?" ಅದು ಹುಡುಗನ ಮಾತೋ, ತಮ್ಮನನ್ನು ಕಳೆದುಕೊಂಡ ನನ್ನ ಮಾತೋ ನಾನರಿಯೆ. ಆಗ ಅಳದೆ ಉಳಿದದ್ದು ಅಂದು ಆ ಅಪರಿಚಿತರ ನಡುವೆ ಹೊರಗೆ ಬಂದಿತು. ಮಗನು ಎದ್ದು ಬಂದು ನನ್ನ ಮುಂದೆ ನೆಲದ ಮೇಲೆ ಕುಳಿತನು. "ದೊಡ್ಡಪ್ಪ, ನಮ್ಮ ಮನ್ಯಾಗ ಅತ್ತರ ಬೈಸ್ಕೋತಿದ್ವಿ. ಸಿಟ್ಟು ಮಾಡಿದ್ರ ಯಾರೂ ಏನೂ ಅಂತಿದ್ದಿಲ್ಲ," ಎಂದನು. ಸಿಟ್ಟಿನಿಂದ ಹೇಳಲಿಲ್ಲ.

ಇದರಿಂದ ಅವನ ತಪ್ಪು ಅಳಿಸಿಹೋಗುವುದಿಲ್ಲ. ಸಮಾಲೋಚಕಿಯೂ ಅದನ್ನು ಅಳಿಸಗೊಡಲಿಲ್ಲ. ತಟ್ಟೆ ಎಸೆದ ಕೈ ದೊಡ್ಡಪ್ಪನದಲ್ಲ, ನಿಮ್ಮದು ಎಂದು ಅವನಿಗೆ ಆ ಕೂಟದಲ್ಲಿಯೇ ಹೇಳಿದಳು. ಇನ್ನೊಂದು ಎಚ್ಚರವನ್ನೂ ಬರೆಯಬೇಕು. ಅವರು ಸೊಸೆಯನ್ನು ಮೊದಲು ಪ್ರತ್ಯೇಕವಾಗಿ ಕಂಡು, ಅವಳಿಗೆ ಹೊಡೆತ ಬಡಿತದ ಭಯವಿಲ್ಲವೆಂದು ತಿಳಿದ ಮೇಲೆಯೇ ಒಟ್ಟಿಗೆ ಕೂರಿಸಿದ್ದು. ಎಲ್ಲಿ ಹೆಂಗಸರ, ಮಕ್ಕಳ ಮೈಗೆ ಅಪಾಯವಿದೆಯೋ ಅಲ್ಲಿ ಕೂಡಿ ಮಾತನಾಡುವುದು ಮೊದಲ ಕೆಲಸವಲ್ಲ. ಅವರ ರಕ್ಷಣೆ ಮೊದಲು. ಅದಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಿದೆ, 181 ಎಂಬ ಮಹಿಳಾ ಸಹಾಯವಾಣಿಯಿದೆ. ಬೆಂಗಳೂರಿಗೆ ಹೋಗಲಾರದವರು ಮನಸ್ಸಿನ ತೊಂದರೆಗೆ ಮೊದಲ ಸಲಹೆಯನ್ನು ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಪಡೆಯಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆಗೆ ಹಣ ತೆರಬೇಕಿಲ್ಲ.

ಚೀಲದಲ್ಲಿದ್ದ ಗ್ರಂಥಗಳನ್ನು ನಾನು ಬಿಚ್ಚಲಿಲ್ಲ. ಹೊರಡುವ ದಿನ ಮೊಮ್ಮಗಳು ನನ್ನ ಹಾವುಗೆಯನ್ನು ಮೆಟ್ಟಿಕೊಂಡು ಪಡಸಾಲೆಯ ತುಂಬ ಸಪ್ಪಳ ಮಾಡುತ್ತ ಓಡಾಡಿದಳು. ಮಗನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಕೇಳುತ್ತಿದ್ದನು, ಏನೂ ಅನ್ನಲಿಲ್ಲ. ದಿನಚರಿಯಲ್ಲಿ ಆ ಹೊತ್ತಿಗೆ ಎಷ್ಟು ಅಂಕ ಬರೆದನೋ ಕೇಳಲಿಲ್ಲ. ಅವನ ಕೋಪ ಪೂರ್ತಿ ಹೋಗಿಲ್ಲ. ಹೋದ ವಾರವೂ ಒಮ್ಮೆ ಎಂಟಕ್ಕೆ ಏರಿತ್ತಂತೆ, ಹೇಳಿ ಹೊರಗೆ ಹೋಗಿ ಇಪ್ಪತ್ತು ನಿಮಿಷಕ್ಕೆ ಮರಳಿದನಂತೆ. ನಾನೂ ಒಂದು ವಹಿಯನ್ನು ಕೊಂಡಿದ್ದೇನೆ. ನನ್ನ ಸಿಟ್ಟು ಮೊದಲು ದವಡೆಯಲ್ಲಿ ತಿಳಿಯುತ್ತದೆ.

ಮೂರನೆಯ ಕೂಟವು ಶ್ರಾವಣದ ಎರಡನೆಯ ಶನಿವಾರ. ರಾಣಿ ಚೆನ್ನಮ್ಮಕ್ಕೆ ಟಿಕೇಟು ತೆಗೆಸಿದ್ದೇನೆ. ಕೆಳಗಿನ ಬರ್ತು ಸಿಕ್ಕಿಲ್ಲ.